ಮೊದಲು ಕುದುರೆಗೆ ಮೇವು, ಆಮೇಲೆ ಡೇರೆ

ಅಮೆರಿಕ ಮತ್ತು ಕೆನಡಾಗಳ ನಡುಭಾಗದಲ್ಲಿ ಪ್ರೇರಿ ಅಂತ ಒಂದು ಹುಲ್ಲುಗಾವಲಿದೆ. ಟೆಕ್ಸಸ್ಸಿನಿಂದ ಶುರುವಾಗಿ ಕಾನ್ಸಸ್, ನೆಬ್ರಾಸ್ಕಾ, ಎರಡು ಡಕೋಟಾಗಳು, ಮೊಂಟಾನಾ ದಾಟಿ ಕೆನಡಾದ ಸಸ್ಕಾಚೆವಾನ್, ಆಲ್ಬರ್ಟಾದವರೆಗೆ ಹೋಗುತ್ತದೆ. ಹಳೇ ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಅದರ ಪರಿಚಯ ಇದ್ದೇ ಇರುತ್ತದೆ. ಕಣ್ಣು ಹಾಯಿಸಿದಷ್ಟೂ ಹುಲ್ಲು, ಅದರ ಮಧ್ಯೆ ಒಬ್ಬ ಸವಾರ, ಸಂಜೆಯಾದರೆ ಒಂದು ಬೆಂಕಿ, ಪಕ್ಕದಲ್ಲಿ ಕಟ್ಟಿದ ಕುದುರೆ. ಅವನು ಕಾಫಿ ಕುಡಿಯೋದನ್ನು ತೋರಿಸುತ್ತಾರೆ, ತಟ್ಟೆಯಲ್ಲಿ ಬೀನ್ಸ್ ತಿನ್ನೋದನ್ನು ತೋರಿಸುತ್ತಾರೆ. ಕುದುರೆ ಏನು ತಿಂತು ಅಂತ ತೋರಿಸಿದ ಒಂದು ಸಿನಿಮಾವನ್ನೂ ನಾನು ನೋಡಿಲ್ಲ.

"ಸುತ್ತ ಅಷ್ಟು ಹುಲ್ಲಿದೆಯಲ್ಲ ಮಾರಾಯ, ಅದನ್ನೇ ತಿನ್ನುತ್ತೆ" ಅಂತ ನೀವು ಹೇಳಬಹುದು. ಹೆಚ್ಚು ಕಡಿಮೆ ಇದೇ ಭರವಸೆಯ ಮೇಲೆ 1874ರ ಜುಲೈನಲ್ಲಿ ಕೆನಡಾದ ಒಂದು ಪೊಲೀಸ್ ದಂಡು 310 ಕುದುರೆಗಳನ್ನು ಕರೆದುಕೊಂಡು ಪ್ರೇರಿಗೆ ಇಳಿಯಿತು. ಎರಡೇ ತಿಂಗಳಲ್ಲಿ ಆ ಕುದುರೆಗಳು ಹುಲ್ಲಿನ ಸಮುದ್ರದ ಮಧ್ಯದಲ್ಲೇ ಹಸಿವಿನಿಂದ ಬಿದ್ದು ಸಾಯತೊಡಗಿದವು. ಅದು ಹೇಗೆ ಸಾಧ್ಯ ಅಂತ ಕೆದಕುತ್ತಾ ಹೋದರೆ, ಪ್ರೇರಿಯ ಇತಿಹಾಸದಲ್ಲಿ ಯಾರು ಎಲ್ಲಿ ಡೇರೆ ಹಾಕಿದರು, ಯಾರು ಗೆದ್ದರು, ಯಾರು ಸೋತರು ಅನ್ನೋದರ ಹಿಂದೆ ಬಹಳ ಸಲ ಕುದುರೆಯ ಹೊಟ್ಟೆಯೇ ಇದೆ ಅಂತ ಕಾಣುತ್ತದೆ.

ಮೊದಲು ಆ ಹೊಟ್ಟೆಯ ಲೆಕ್ಕ ಸ್ವಲ್ಪ ನೋಡೋಣ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ. ಗಬಗಬ ತಿಂದು, ನೆರಳಲ್ಲಿ ಮಲಗಿ, ಮೆಲುಕು ಹಾಕುತ್ತಾ ನಿಧಾನಕ್ಕೆ ಜೀರ್ಣಿಸಿಕೊಳ್ಳುತ್ತದೆ. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಅದರ ಜಠರ ಮೈಗಾತ್ರಕ್ಕೆ ಹೋಲಿಸಿದರೆ ಪುಟ್ಟದು, ಹುಲ್ಲಿನ ನಾರು ಕರಗೋದು ಕೊನೆಯಲ್ಲಿ, ದೊಡ್ಡ ಕರುಳಿನ ಕಡೆ. ಹಾಗಾಗಿ ಅದು ಸ್ವಲ್ಪ ಸ್ವಲ್ಪವಾಗಿ ದಿನವಿಡೀ ತಿನ್ನುತ್ತಲೇ ಇರಬೇಕು. ಬಯಲಲ್ಲಿ ಬಿಟ್ಟ ಕುದುರೆ ದಿನಕ್ಕೆ ಹದಿನೈದು ಹದಿನಾರು ಗಂಟೆ ಮೇಯುತ್ತದೆ. ಸುಮಾರು 450 ಕಿಲೋ ತೂಕದ ಕುದುರೆಗೆ ದಿನಕ್ಕೆ ಒಂಬತ್ತು ಹತ್ತು ಕಿಲೋ ಒಣಹುಲ್ಲು ಬೇಕು, ಇಪ್ಪತ್ತರಿಂದ ನಲವತ್ತು ಲೀಟರ್ ನೀರು ಬೇಕು. ಬಿಸಿಲಲ್ಲಿ ದುಡಿದರೆ ಇನ್ನೂ ಜಾಸ್ತಿ.

ಈಗ ಅದೇ ಕುದುರೆಯ ಮೇಲೆ ಜೀನು ಬಿಗಿದು ಹಗಲೆಲ್ಲ ಹತ್ತು ಗಂಟೆ ಓಡಿಸಿದಿರಿ, ರಾತ್ರಿ ಕದ್ದಾರು ಅಂತ ಗೂಟಕ್ಕೆ ಕಟ್ಟಿದಿರಿ ಅಂದುಕೊಳ್ಳಿ. ತಿನ್ನೋದು ಯಾವಾಗ? ಹುಲ್ಲಿಗೆ ಕೊರತೆ ಇಲ್ಲ, ಗಂಟೆಗಳಿಗೆ ಕೊರತೆ! ಸಾಲದ್ದಕ್ಕೆ ಲಾಯದಲ್ಲಿ ಒಣಹುಲ್ಲು, ಧಾನ್ಯ ತಿಂದು ಬೆಳೆದ ಕುದುರೆಗೆ ಏಕಾಏಕಿ ಹಸಿ ಹುಲ್ಲು ಕೊಟ್ಟರೆ ಹೊಟ್ಟೆನೋವು ಬರುತ್ತದೆ. ಅದು ಸಾಯುವಷ್ಟು ಜೋರಾಗಿಯೂ ಇರಬಹುದು. ಮೇವು ಬದಲಾಯಿಸಬೇಕಾದರೆ ವಾರ ಹತ್ತು ದಿನ ಹಿಡಿದು ನಿಧಾನಕ್ಕೆ ಬದಲಾಯಿಸಬೇಕು.

ಈ ತೊಂದರೆಗೆ ಇರೋದು ಎರಡೇ ದಾರಿ. ಒಂದು, ಧಾನ್ಯ ತಿನ್ನಿಸೋದು. ಧಾನ್ಯಕ್ಕೆ ಕಡಿಮೆ ಹೊತ್ತು ಸಾಕು, ಕಸುವು ಜಾಸ್ತಿ. ನಮ್ಮಲ್ಲಿ ಕುದುರೆಗೆ ಹುರುಳಿ ಹಾಕುತ್ತಿದ್ದದ್ದು ಇದಕ್ಕೇ (ಹುರುಳಿಗೆ ಇಂಗ್ಲಿಷಿನಲ್ಲಿ ಹೆಸರೇ ಹಾರ್ಸ್ ಗ್ರಾಮ್, ಹುರುಳಿ ಸಾರು ತಿಂದು ಬೆಳೆದ ನಮ್ಮಂಥವರಿಗೆ ಇದು ಮರ್ಯಾದೆಯೋ ಅವಮಾನವೋ ನೀವೇ ಹೇಳಿ). ಅಮೆರಿಕದ ಅಶ್ವದಳದಲ್ಲಿ ಒಂದು ಕುದುರೆಗೆ ದಿನಕ್ಕೆ 12 ಪೌಂಡ್ ಧಾನ್ಯ, 14 ಪೌಂಡ್ ಒಣಹುಲ್ಲು ಅಂತ ಲೆಕ್ಕ ಕಟ್ಟಿಟ್ಟಿದ್ದರು. ಆದರೆ ಧಾನ್ಯ ತಾನಾಗಿ ನಡೆದು ಬರೋದಿಲ್ಲವಲ್ಲ. ಅದನ್ನು ಹೊರಲು ಗಾಡಿ ಬೇಕು, ಗಾಡಿ ಎಳೆಯಲು ಹೇಸರಗತ್ತೆ ಬೇಕು, ಹೇಸರಗತ್ತೆಗೂ ಧಾನ್ಯ ಬೇಕು, ಆ ಧಾನ್ಯಕ್ಕೆ ಇನ್ನೊಂದು ಗಾಡಿ... ನಿಲ್ಲಿಸುವ ಕಂಡೀಷನ್ ಇಲ್ಲದ ರಿಕರ್ಷನ್ ಇದ್ದ ಹಾಗೆ.

ಇನ್ನೊಂದು ದಾರಿ, ತುಂಬಾ ಕುದುರೆ ಇಟ್ಟುಕೊಂಡು ಪ್ರತಿಯೊಂದನ್ನೂ ಕಡಿಮೆ ದುಡಿಸೋದು. ಟೆಕ್ಸಸ್ಸಿನಿಂದ ದನ ಹೊಡೆದುಕೊಂಡು ಕಾನ್ಸಸ್ಸಿನ ರೈಲು ನಿಲ್ದಾಣಕ್ಕೆ ಬರುತ್ತಿದ್ದ ಕೌಬಾಯ್‌ಗಳು ಮಾಡುತ್ತಿದ್ದದ್ದು ಇದನ್ನೇ. ಒಬ್ಬೊಬ್ಬನ ಪಾಲಿಗೆ ಆರರಿಂದ ಹತ್ತು ಕುದುರೆ. ಒಂದು ಕೆಲಸ ಮಾಡಿದರೆ ಉಳಿದವು ಮೇಯುತ್ತಾ ಜೊತೆಗೆ ಬರೋವು. ಅವುಗಳನ್ನು ನೋಡಿಕೊಳ್ಳಲಿಕ್ಕೇ ಒಬ್ಬ ಹುಡುಗ ಬೇರೆ. ನಮ್ಮ ಆಫೀಸಿನಲ್ಲಿ ಲೋಡ್ ಬ್ಯಾಲೆನ್ಸಿಂಗ್ ಅಂತ ದೊಡ್ಡ ದೊಡ್ಡ ಸ್ಲೈಡ್ ಹಾಕಿ ಹೇಳುವುದನ್ನು ಓದು ಬರಹ ಅಷ್ಟಕ್ಕಷ್ಟೇ ಇದ್ದ ಈ ಹುಡುಗರು ಹುಲ್ಲಿನ ಮೇಲೆ ಮಾಡಿ ತೋರಿಸಿದ್ದರು. ಸಿನಿಮಾದ ಒಂಟಿ ಸವಾರ, ಒಂಟಿ ಕುದುರೆ ಅನ್ನೋದು ಹೆಚ್ಚಿನ ಪಾಲು ಕಟ್ಟುಕಥೆ.

ಈ ವಿದ್ಯೆಯಲ್ಲಿ ಅವರಿಗಿಂತ ಮೊದಲು ಪಳಗಿದ್ದವರು ಅಲ್ಲಿನ ಮೂಲನಿವಾಸಿಗಳು. ಕುದುರೆ ಅವರಿಗೆ ಸಿಕ್ಕಿದ್ದು ಸ್ಪೇನಿನವರಿಂದ. 1680ರಲ್ಲಿ ನ್ಯೂ ಮೆಕ್ಸಿಕೋದ ಪ್ವೆಬ್ಲೋ ಜನ ದಂಗೆ ಎದ್ದು ಸ್ಪೇನಿನವರನ್ನು ಓಡಿಸಿದ ಮೇಲೆ ಕುದುರೆಗಳು ಉತ್ತರಕ್ಕೆ ಹರಡಿದವು ಅಂತ ಬಹಳ ಕಾಲ ಪುಸ್ತಕಗಳಲ್ಲಿ ಬರೆಯುತ್ತಿದ್ದರು. 2023ರಲ್ಲಿ ಪುರಾತತ್ವದವರೂ ಮೂಲನಿವಾಸಿ ವಿದ್ವಾಂಸರೂ ಸೇರಿ ಹಳೇ ಕುದುರೆ ಮೂಳೆಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನ ಇದನ್ನು ಬದಲಾಯಿಸಿತು. ಹದಿನೇಳನೇ ಶತಮಾನದ ಮೊದಲರ್ಧದಲ್ಲೇ, ಅಂದರೆ ಆ ದಂಗೆಗಿಂತ ಎಷ್ಟೋ ವರ್ಷ ಮುಂಚೆಯೇ, ಕುದುರೆ ಬಯಲು ಸೀಮೆಗೆ ತಲುಪಿತ್ತು. ಬಿಳಿಯರು ಅಲ್ಲಿ ನೆಲೆಯೂರುವ ಮೊದಲೇ ಕುದುರೆ ಅಲ್ಲಿನವರದ್ದಾಗಿ ಹೋಗಿತ್ತು.

ಕುದುರೆ ಬಂದ ಮೇಲೆ ಅವರ ಬಿಡಾರದ ಜಾಗವನ್ನು ಕುದುರೆಯೇ ಆರಿಸತೊಡಗಿತು. ನೂರಾರು ಡೇರೆಗಳ ಒಂದು ದೊಡ್ಡ ಶಿಬಿರ ಅಂದರೆ ಜೊತೆಗೆ ಸಾವಿರಾರು ಕುದುರೆ. ಕೆಲವೇ ದಿನದಲ್ಲಿ ಸುತ್ತಲಿನ ಹುಲ್ಲು ನೆಲಮಟ್ಟಕ್ಕೆ ಬರುತ್ತಿತ್ತು. ಆಮೇಲೆ ಗಂಟುಮೂಟೆ ಕಟ್ಟಲೇಬೇಕು. ಕಾಡೆಮ್ಮೆ ಬೇಟೆಗೆ ಬಳಸುವ ಅತ್ಯುತ್ತಮ ಕುದುರೆಯನ್ನು ಮಾತ್ರ ರಾತ್ರಿ ಡೇರೆಯ ಬಾಗಿಲಲ್ಲಿ ಕಟ್ಟಿಕೊಳ್ಳುತ್ತಿದ್ದರು, ಉಳಿದವನ್ನು ಹುಡುಗರು ಕಾಯುತ್ತಾ ಮೇಯಿಸುತ್ತಿದ್ದರು. ಪ್ರೇರಿಯ ಹುಲ್ಲೂ ಎಲ್ಲ ಕಡೆ ಒಂದೇ ಅಲ್ಲ. ಪೂರ್ವದ ಕಡೆ ಆಳೆತ್ತರದ ಹುಲ್ಲು, ಹಸಿರಿದ್ದಾಗ ಸೊಗಸು, ಒಣಗಿದರೆ ಅದರಲ್ಲಿ ಸತ್ವವೇ ಉಳಿಯೋದಿಲ್ಲ. ಪಶ್ಚಿಮದ ಒಣ ಸೀಮೆಯಲ್ಲಿ ಬಫೆಲೊ ಗ್ರಾಸ್, ಬ್ಲೂ ಗ್ರಾಮಾ ಅನ್ನುವ ಗಿಡ್ಡ ಹುಲ್ಲು. ನೋಡಲು ಏನೂ ಅಲ್ಲ, ಆದರೆ ನಿಂತಲ್ಲೇ ಒಣಗಿ ಸತ್ವ ಉಳಿಸಿಕೊಳ್ಳುತ್ತದೆ, ಚಳಿಗಾಲದಲ್ಲೂ ಮೇವಾಗುತ್ತದೆ. ಹಿಮ ಗಟ್ಟಿಯಾಗಿ ಅದೂ ಸಿಗದಿದ್ದಾಗ ಹೊಳೆದಂಡೆಯ ಕಾಟನ್‌ವುಡ್ ಮರದ ಕೊಂಬೆ ಕಡಿದು ತೊಗಟೆ ತಿನ್ನಿಸುತ್ತಿದ್ದರು. 1804-05ರ ಚಳಿಗಾಲದಲ್ಲಿ ಮ್ಯಾಂಡನ್ ಜನರ ಜೊತೆ ಉಳಿದಿದ್ದ ಲೂಯಿಸ್ ಮತ್ತು ಕ್ಲಾರ್ಕ್ ಇದನ್ನು ನೋಡಿ ಆಶ್ಚರ್ಯಪಟ್ಟು ಬರೆದಿಟ್ಟಿದ್ದಾರೆ. ಹಾಗಿದ್ದರೂ ಚಳಿಗಾಲ ಮುಗಿಯುವ ಹೊತ್ತಿಗೆ ಕುದುರೆಗಳು ಎಲುಬಿನ ಗೂಡಾಗಿರುತ್ತಿದ್ದವು. ವಸಂತದಲ್ಲಿ ಹೊಸ ಹುಲ್ಲು ಬಂದ ಮೇಲೇ ಮತ್ತೆ ಪ್ರಯಾಣ, ಬೇಟೆ, ಯುದ್ಧ ಎಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಆ ಪೊಲೀಸ್ ದಂಡಿನ ಕಥೆಗೆ ಬರೋಣ. ಕೆನಡಾದ ಪಶ್ಚಿಮದ ಬಯಲಿಗೆ ಆಗ ಮೊಂಟಾನಾ ಕಡೆಯಿಂದ ಅಮೆರಿಕದ ವ್ಯಾಪಾರಿಗಳು ನುಗ್ಗಿ ಕಳ್ಳ ವಿಸ್ಕಿ ಮಾರುತ್ತಿದ್ದರು. 1873ರ ಜೂನ್‌ನಲ್ಲಿ ಸೈಪ್ರೆಸ್ ಹಿಲ್ಸ್ ಎಂಬಲ್ಲಿ ಇಂಥವರ ಗುಂಪೊಂದು ಅಸ್ಸಿನಿಬೊಯಿನ್ ಜನರ ಶಿಬಿರದ ಮೇಲೆ ಗುಂಡು ಹಾರಿಸಿ ಹೆಂಗಸರು ಮಕ್ಕಳೆನ್ನದೆ ಕೊಂದರು. ಸರ್ಕಾರ ಅವಸರವಾಗಿ ನಾರ್ತ್ ವೆಸ್ಟ್ ಮೌಂಟೆಡ್ ಪೊಲೀಸ್ ಎಂಬ ಅಶ್ವ ಪೊಲೀಸ್ ದಳ ಕಟ್ಟಿತು. ಇವತ್ತು ಕೆಂಪು ಕೋಟು ಹಾಕಿಕೊಂಡು ಕೆನಡಾದ ಪೋಸ್ಟ್‌ಕಾರ್ಡುಗಳಲ್ಲಿ ಮಿಂಚುವ ಮೌಂಟಿಗಳ ಮೂಲ ಇದೇ. ಕಮಿಷನರ್ ಜಾರ್ಜ್ ಫ್ರೆಂಚ್ ಎಂಬ ಸೇನಾಧಿಕಾರಿ. ಕುದುರೆಗಳನ್ನು ಪೂರ್ವದ ಕಡೆಯಿಂದ ರೈಲಿನಲ್ಲಿ ತಂದರು. ಒಳ್ಳೆ ತಳಿ, ಲಾಯದಲ್ಲಿ ಓಟ್ಸ್ ತಿಂದು ಬೆಳೆದವು.

ಹೊರಡುವ ಮುಂಚೆಯೇ ಪ್ರೇರಿ ಒಂದು ಎಚ್ಚರಿಕೆ ಕೊಟ್ಟಿತು. ಜೂನ್ 20ರ ರಾತ್ರಿ ಮ್ಯಾನಿಟೋಬಾದ ಡಫರಿನ್ ಶಿಬಿರದಲ್ಲಿ ಗುಡುಗು ಸಿಡಿಲಿನ ಮಳೆ. ಸುಮಾರು ಇನ್ನೂರೈವತ್ತು ಕುದುರೆಗಳು ಬೆದರಿ, ಗಾಡಿಗಳನ್ನೂ ಡೇರೆಗಳನ್ನೂ ತುಳಿದುಕೊಂಡು ಕತ್ತಲಲ್ಲಿ ಓಡಿದವು. ಅವನ್ನು ಹುಡುಕಿ ತರಲು ಮೈಲಿಗಟ್ಟಲೆ ಅಲೆಯಬೇಕಾಯಿತು.

ಜುಲೈ 8ರಂದು ದಂಡು ಹೊರಟಿತು. 275 ಜನ, 310 ಕುದುರೆ, 143 ಎತ್ತು, 73 ವ್ಯಾಗನ್, 114 ರೆಡ್ ರಿವರ್ ಗಾಡಿ, ಎರಡು ಫಿರಂಗಿ, ಎರಡು ಮಾರ್ಟರ್. ರೆಡ್ ರಿವರ್ ಗಾಡಿ ಅಂದರೆ ಕಬ್ಬಿಣವೇ ಇಲ್ಲದ, ಮರದ್ದೇ ಅಚ್ಚಿನ ಎತ್ತಿನ ಗಾಡಿ. ಎಣ್ಣೆ ಹಾಕಿದರೆ ಧೂಳು ಮೆತ್ತಿಕೊಳ್ಳುತ್ತದೆ ಅಂತ ಹಾಕುತ್ತಿರಲಿಲ್ಲ, ಅದರ ಕಿರುಚಾಟ ಮೈಲಿ ದೂರಕ್ಕೆ ಕೇಳುತ್ತಿತ್ತಂತೆ. ಜೊತೆಗೆ ಒಬ್ಬ ಪತ್ರಿಕೆಯ ಚಿತ್ರಕಾರ ಹೆನ್ರಿ ಜೂಲಿಯನ್ ಬೇರೆ. ಆರು ತುಕಡಿಗಳಿಗೆ ಆರು ಬಣ್ಣದ ಕುದುರೆಗಳು: ಒಂದಕ್ಕೆ ಕಪ್ಪು, ಒಂದಕ್ಕೆ ಬೂದು, ಒಂದಕ್ಕೆ ಹೊಳೆಯುವ ಕೆಂಗಂದು, ಹೀಗೆ. ನೋಡಲು ಕಣ್ಣಿಗೆ ಹಬ್ಬವಾಗಿದ್ದಿರಬೇಕು. ಡೆಮೊ ಚೆನ್ನಾಗಿತ್ತು, ಪ್ರೊಡಕ್ಷನ್‌ಗೆ ಹೋದಾಗ ಗೊತ್ತಾಯಿತು ಅನ್ನೋ ಮಾತು ನಮ್ಮ ಕೆಲಸದವರಿಗೆ ಹೊಸದಲ್ಲ ಬಿಡಿ.

ಬೆಳಗಾಗೆದ್ದು ಹೊರಡೋದು, ಬಿಸಿಲಲ್ಲಿ ಎಳೆಯೋದು, ನೀರಿರುವ ಜಾಗ ಸಿಗುವವರೆಗೆ ನಿಲ್ಲದಿರೋದು. ಸವಾರಿಗೆ ಅಂತ ತಂದ ಕುದುರೆಗಳನ್ನೇ ಗಾಡಿಗೂ ಫಿರಂಗಿಗೂ ಹೂಡಿದ್ದರು. ಬಯಲಿನ ಹುಲ್ಲನ್ನು ಕೆಲವು ಕಡೆ ಮಿಡತೆಗಳು ತಿಂದು ಮುಗಿಸಿದ್ದವು, ಕೆಲವು ಕಡೆ ಕಾಳ್ಗಿಚ್ಚು ಸುಟ್ಟಿತ್ತು. ಆ ವರ್ಷ ಮಿಡತೆಯ ಕಾಟ ಅಮೆರಿಕದ ಕಾನ್ಸಸ್, ನೆಬ್ರಾಸ್ಕಾಗಳಲ್ಲಿ ಇನ್ನೂ ಭಯಂಕರವಾಗಿತ್ತು. ಎರಡೇ ವಾರ ಕಳೆದಿತ್ತು, ಕುದುರೆಗಳು ಮುಗ್ಗರಿಸತೊಡಗಿದವು. ಸವಾರರು ಒಂದು ಗಂಟೆ ಹತ್ತಿ ಒಂದು ಗಂಟೆ ಇಳಿದು ನಡೆಯಬೇಕು ಅಂತ ಆಜ್ಞೆಯಾಯಿತು. ಜುಲೈ ಕೊನೆಗೆ ರೋಶ್ ಪರ್ಸೀ ಎಂಬಲ್ಲಿ ದಂಡು ಒಡೆಯಿತು. ಸೋತ ಕುದುರೆಗಳನ್ನೆಲ್ಲ ಒಂದು ತುಕಡಿಗೆ ಕೊಟ್ಟು ಉತ್ತರದ ಎಡ್ಮಂಟನ್ ಕೋಟೆಗೆ ಕಳಿಸಿದರು. ಆ ತುಕಡಿಯಲ್ಲಿದ್ದ ಸ್ಯಾಮ್ ಸ್ಟೀಲ್ ಮುಂದೆ ದೊಡ್ಡ ಹೆಸರು ಮಾಡಿದವನು. ಬಿದ್ದ ಕುದುರೆಯ ಹೊಟ್ಟೆಯಡಿ ಕೋಲು ಕೊಟ್ಟು, ಎರಡೂ ಕಡೆಯಿಂದ ಎತ್ತಿ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಬಿದ್ದರೆ ಮತ್ತೆ ಎತ್ತಿ, ಹೀಗೆ ಎಡ್ಮಂಟನ್ ಮುಟ್ಟಿದ್ದನ್ನು ಅವನು ಬರೆದಿದ್ದಾನೆ. ಅವರು ಅಲ್ಲಿಗೆ ಸೇರಿದಾಗ ಅಕ್ಟೋಬರ್ ಮುಗಿಯುತ್ತಾ ಬಂದಿತ್ತು.

ಮುಖ್ಯ ದಂಡು ಪಶ್ಚಿಮಕ್ಕೆ ಹೋಯಿತು. ಆಗಸ್ಟ್‌ನಲ್ಲಿ ನಡೆಯಲಾಗದ ಮನುಷ್ಯರನ್ನೂ ಕುದುರೆಗಳನ್ನೂ ಒಂದು ಕಡೆ ಬಿಟ್ಟು ಮುಂದೆ ಹೊರಟರು. ಆ ಜಾಗಕ್ಕೆ ಕುಂಟರ ಶಿಬಿರ ಅಂತಲೇ ಹೆಸರಾಯಿತು. ಸೆಪ್ಟೆಂಬರ್‌ನಲ್ಲಿ ಕೊನೆಗೂ ಕಾಡೆಮ್ಮೆಗಳ ದೊಡ್ಡ ಹಿಂಡು ಕಂಡಿತು. ಊಟಕ್ಕೆ ಮಾಂಸ ಸಿಕ್ಕಿತು ಅಂತ ಜನ ಖುಷಿಪಟ್ಟರು. ಆದರೆ ಹಿಂಡು ಹೋದ ದಾರಿಯಲ್ಲೆಲ್ಲ ಹುಲ್ಲು ಬೋಳು, ಹೊಂಡಗಳ ನೀರು ಕೆಸರು. ಮನುಷ್ಯನ ಹೊಟ್ಟೆ ತುಂಬಿಸಿದ್ದೇ ಕುದುರೆಯ ಹೊಟ್ಟೆಗೆ ಕುತ್ತಾಯಿತು. ಬೋ ನದಿ ಸೇರುವ ಜಾಗದಲ್ಲಿ ವಿಸ್ಕಿ ಕೋಟೆ ಇದೆ ಅಂತ ನಕ್ಷೆ ನಂಬಿ ಬಂದಿದ್ದರು. ಅಲ್ಲಿ ಕೋಟೆಯೂ ಇಲ್ಲ, ಮೇವೂ ಇಲ್ಲ. ಜೊತೆಗೆ ಚಳಿ ಮಳೆ. ಒಬ್ಬೊಬ್ಬ ಪೊಲೀಸನೂ ತನ್ನ ಒಂದು ಕಂಬಳಿಯನ್ನು ಕುದುರೆಗೆ ಹೊದಿಸಬೇಕು ಅಂತ ಫ್ರೆಂಚ್ ಹೇಳಿದ. ಆದರೂ ಕುದುರೆಗಳು ರಾತ್ರಿ ರಾತ್ರಿ ಸಾಯುತ್ತಿದ್ದವು. ಚಿಂದಿ ಬಟ್ಟೆ, ಹರಿದ ಬೂಟು, ಕಾಲೆಳೆಯುವ ಕುದುರೆ ಹಿಡಿದು ದಂಡು ದಕ್ಷಿಣಕ್ಕೆ ಅಮೆರಿಕದ ಗಡಿಯ ಸ್ವೀಟ್ ಗ್ರಾಸ್ ಹಿಲ್ಸ್ ಕಡೆ ತಿರುಗಿತು. ಹೆಸರಿಗೆ ತಕ್ಕಂತೆ ಅಲ್ಲಿ ಹುಲ್ಲಿತ್ತು, ನೀರಿತ್ತು.

ಅಲ್ಲಿಂದ ಫ್ರೆಂಚ್ ಮತ್ತವನ ಸಹಾಯಕ ಮ್ಯಾಕ್ಲಿಯಾಡ್ ಮೊಂಟಾನಾದ ಬೆಂಟನ್ ಪೇಟೆಗೆ ಹೋಗಿ ಸಾಮಾನು ತಂದರು. ಅದಕ್ಕಿಂತ ಮುಖ್ಯವಾಗಿ ಜೆರ್ರಿ ಪಾಟ್ಸ್ ಎಂಬ ಮನುಷ್ಯನನ್ನು ಸಂಬಳಕ್ಕೆ ಗೊತ್ತು ಮಾಡಿದರು. ತಾಯಿ ಕೈನಾಯ್ ಬುಡಕಟ್ಟಿನವಳು, ತಂದೆ ಸ್ಕಾಟ್ಲೆಂಡಿನವನು. ಮಾತು ಬಹಳ ಕಡಿಮೆ, ಆದರೆ ಎಲ್ಲಿ ನೀರಿದೆ, ಎಲ್ಲಿ ಹುಲ್ಲಿದೆ, ಎಲ್ಲಿ ರಾತ್ರಿ ತಂಗಬೇಕು ಅನ್ನೋದು ಅವನಿಗೆ ಅಂಗೈ ಗೆರೆ. ಅಕ್ಟೋಬರ್ 9ಕ್ಕೆ ಅವರನ್ನು ನೇರವಾಗಿ ವಿಸ್ಕಿ ಕೋಟೆಯ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. (ವ್ಯಾಪಾರಿಗಳು ಅಷ್ಟು ಹೊತ್ತಿಗೆ ಜಾಗ ಖಾಲಿ ಮಾಡಿದ್ದರು, ಆ ಮಾತು ಬೇರೆ.) ಆ ಚಳಿಗಾಲಕ್ಕೆ ಓಲ್ಡ್‌ಮನ್ ನದಿಯ ದಂಡೆಯಲ್ಲಿ ಕೋಟೆ ಕಟ್ಟಿದಾಗ ಮ್ಯಾಕ್ಲಿಯಾಡ್ ಒಂದು ಕ್ರಮ ಹಾಕಿದ. ಮೊದಲು ಕುದುರೆಗಳಿಗೆ ಸೂರು, ಆಮೇಲೆ ಪೇದೆಗಳಿಗೆ, ಅಧಿಕಾರಿಗಳಿಗೆ ಎಲ್ಲಕ್ಕಿಂತ ಕೊನೆಗೆ. ಅಷ್ಟಾದರೂ ಮೇವು ಸಾಲದೆ ಬಡಕಲಾದ ಪ್ರಾಣಿಗಳನ್ನು ಮೊಂಟಾನಾದ ಸನ್ ರಿವರ್ ಕಣಿವೆಗೆ ಹೊಡೆದುಕೊಂಡು ಹೋಗಬೇಕಾಯಿತು. ಕೆನಡಾದ ಪಠ್ಯಪುಸ್ತಕಗಳಲ್ಲಿ ಮಾರ್ಚ್ ವೆಸ್ಟ್ ಅಂತ ಮೆರೆಯುವ ಈ ಸುಮಾರು 1,400 ಕಿಲೋಮೀಟರ್‌ಗಳ ಪ್ರಯಾಣವನ್ನು ನಾನಂತೂ ವೀರಗಾಥೆ ಅನ್ನಲಾರೆ. ಪ್ರಾಣಿಗಳ ಕಡೆಯಿಂದ ನೋಡಿದರೆ ಅದೊಂದು ದುರಂತ. ಪಾಟ್ಸ್‌ನಂಥವನೊಬ್ಬನನ್ನು ಮೊದಲ ದಿನವೇ ಕರೆದುಕೊಂಡಿದ್ದರೆ ಎಷ್ಟು ಕುದುರೆ ಉಳಿಯುತ್ತಿದ್ದವೋ.

ಅದೇ ಸೆಪ್ಟೆಂಬರ್‌ನಲ್ಲಿ, ಉತ್ತರದಲ್ಲಿ ಪೊಲೀಸರು ಕುದುರೆಗಳಿಗೆ ಕಂಬಳಿ ಹೊದಿಸುತ್ತಿದ್ದ ಹೊತ್ತಿನಲ್ಲೇ, ಪ್ರೇರಿಯ ದಕ್ಷಿಣದ ತುದಿಯಲ್ಲಿ ಇನ್ನೊಂದು ನಡೆಯಿತು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಚಳಿಗಾಲದಲ್ಲಿ ಮೂಲನಿವಾಸಿಗಳ ಕುದುರೆಗಳು ಸೊರಗಿರುತ್ತವೆ ಅಂದೆನಲ್ಲ, ಅಮೆರಿಕದ ಸೈನ್ಯ ಅದನ್ನು ಗಮನಿಸಿಬಿಟ್ಟಿತ್ತು. ಬೇಸಿಗೆಯಲ್ಲಿ ಹುಲ್ಲು ತಿಂದ ಅವರ ಕುದುರೆಗಳನ್ನು ಸೈನ್ಯದ ಕುದುರೆ ಹಿಡಿಯಲಾರದು. ಚಳಿಗಾಲದಲ್ಲಾದರೆ ಗಾಡಿಗಟ್ಟಲೆ ಧಾನ್ಯ ಹೊತ್ತ ಸೈನ್ಯದ್ದೇ ಮೇಲುಗೈ. ಜನರಲ್ ಶೆರಿಡನ್ ಇದನ್ನೇ ಯುದ್ಧತಂತ್ರ ಮಾಡಿದ. 1868ರ ನವೆಂಬರ್ 27ರ ಬೆಳಗಿನ ಜಾವ ವಾಶಿಟಾ ನದಿಯ ದಂಡೆಯಲ್ಲಿ ಮಲಗಿದ್ದ ಚೆಯೆನ್ ಶಿಬಿರದ ಮೇಲೆ ಕಸ್ಟರ್‌ನ ದಳ ಬಿತ್ತು. ಜನರನ್ನು ಕೊಂದದ್ದಲ್ಲದೆ ಹಿಡಿದ ಸುಮಾರು ಎಂಟುನೂರು ಕುದುರೆಗಳನ್ನೂ ಗುಂಡಿಟ್ಟು ಕೊಂದರು. 1874ರ ಸೆಪ್ಟೆಂಬರ್ 28ರಂದು ಟೆಕ್ಸಸ್ಸಿನ ಪ್ಯಾಲೊ ಡ್ಯೂರೊ ಕಣಿವೆಯಲ್ಲಿ ಕರ್ನಲ್ ಮೆಕೆಂಜಿ ಅದನ್ನೇ ಇನ್ನೂ ದೊಡ್ಡದಾಗಿ ಮಾಡಿದ. ಕೊಮಾಂಚೆ, ಕಿಯೊವಾ, ಚೆಯೆನ್ ಜನ ಚಳಿಗಾಲಕ್ಕೆ ಅಂತ ಕಣಿವೆಯೊಳಗೆ ಬಿಡಾರ ಹೂಡಿದ್ದರು. ಗಾಳಿಗೆ ಮರೆ, ಹೊಳೆ, ಹುಲ್ಲು, ಕುದುರೆ ಸಾಕುವವರಿಗೆ ಅದಕ್ಕಿಂತ ಒಳ್ಳೆ ಜಾಗ ಸಿಗದು. ದಾಳಿಯಲ್ಲಿ ಸತ್ತವರು ಬೆರಳೆಣಿಕೆಯ ಜನ. ಉಳಿದವರು ಕಡಿದಾದ ಬಂಡೆ ಹತ್ತಿ ತಪ್ಪಿಸಿಕೊಂಡರು. ಸೈನಿಕರು ಡೇರೆ, ಒಣಗಿಸಿಟ್ಟ ಮಾಂಸ, ಕಂಬಳಿ ಎಲ್ಲ ಸುಟ್ಟರು. ಸಿಕ್ಕ ಕುದುರೆಗಳಲ್ಲಿ ಒಂದಷ್ಟನ್ನು ತಮ್ಮ ಬೇಹುಗಾರರಿಗೆ ಕೊಟ್ಟು, ಉಳಿದ ಸಾವಿರಕ್ಕೂ ಮಿಕ್ಕಿದ ಕುದುರೆಗಳನ್ನು ಟೂಲಿ ಕಣಿವೆಗೆ ಹೊಡೆದುಕೊಂಡು ಹೋಗಿ ಒಂದೊಂದಾಗಿ ಗುಂಡಿಟ್ಟರು.

ಅಷ್ಟೇ, ಯುದ್ಧ ಮುಗಿದ ಹಾಗೆ. ಕುದುರೆ ಇಲ್ಲದೆ ಬೇಟೆ ಇಲ್ಲ, ಶಿಬಿರ ಬದಲಾಯಿಸುವ ಹಾಗಿಲ್ಲ. ನಡೆದುಕೊಂಡೇ ಜನ ಶರಣಾಗಲು ಬಂದರು. 1875ರ ಜೂನ್‌ನಲ್ಲಿ ಕ್ವಾನಾ ಪಾರ್ಕರ್‌ನ ಕೊಮಾಂಚೆ ತಂಡವೂ ಫೋರ್ಟ್ ಸಿಲ್‌ಗೆ ಬಂದು ಸೇರಿತು. ಸತ್ತ ಕುದುರೆಗಳ ಮೂಳೆಗಳು ಆ ಕಣಿವೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. 1876ರಲ್ಲಿ, ಅಂದರೆ ಎರಡೇ ವರ್ಷಕ್ಕೆ, ಚಾರ್ಲ್ಸ್ ಗುಡ್‌ನೈಟ್ ಎಂಬ ದನದ ವ್ಯಾಪಾರಿ ಪ್ಯಾಲೊ ಡ್ಯೂರೊದಲ್ಲಿ ತನ್ನ ರ‍್ಯಾಂಚ್ ಶುರುಮಾಡಿದ. ಜಾಗದ ಗುಣ ಅವನಿಗೂ ಗೊತ್ತಿತ್ತು.

ಹಾಗಂತ ಧಾನ್ಯದ ಗಾಡಿ ನಂಬಿದವರು ಯಾವಾಗಲೂ ಗೆದ್ದರು ಅಂತಲೂ ಇಲ್ಲ. ಅದೇ 1876ರಲ್ಲಿ, ಕಸ್ಟರ್ ಸತ್ತ ಲಿಟಲ್ ಬಿಗ್‌ಹಾರ್ನ್ ಯುದ್ಧದ ನಂತರ, ಜನರಲ್ ಕ್ರುಕ್ ಗಾಡಿಗಳನ್ನೆಲ್ಲ ಹಿಂದೆ ಬಿಟ್ಟು ಲಕೋಟಾ ಜನರ ಬೆನ್ನಟ್ಟಿದ. ಡಕೋಟಾ ಬಯಲಲ್ಲಿ ಮಳೆ ಹಿಡಿಯಿತು, ಕೆಸರು, ಧಾನ್ಯ ಮುಗಿಯಿತು. ಕುದುರೆಗಳು ಒಂದೊಂದಾಗಿ ಕುಸಿದವು. ಕುಸಿದದ್ದನ್ನು ಸೈನಿಕರು ಕೊಂದು ತಿಂದರು. ಆ ಪ್ರಯಾಣಕ್ಕೆ ಹಾರ್ಸ್‌ಮೀಟ್ ಮಾರ್ಚ್ ಅಂತಲೇ ಹೆಸರು.

1874ರಲ್ಲಿ ಇನ್ನೂ ಎರಡು ಸಂಗತಿ ನಡೆದವು. ಒಂದು ಎಲ್ಲೋ ಇಲಿನಾಯ್ಸ್ ರಾಜ್ಯದ ಡಿಕಾಲ್ಬ್ ಊರಲ್ಲಿ. ಜೋಸೆಫ್ ಗ್ಲಿಡನ್ ಎಂಬ ರೈತನಿಗೆ ನವೆಂಬರ್ 24ರಂದು ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿತು. ಮರವಿಲ್ಲದ ಪ್ರೇರಿಗೆ ಬೇಲಿ ಹಾಕೋದು ಅಲ್ಲಿಯವರೆಗೆ ಆಗದ ಮಾತಾಗಿತ್ತು. ಮುಂದಿನ ಇಪ್ಪತ್ತು ವರ್ಷದಲ್ಲಿ ತಂತಿ ಎಲ್ಲ ಕಡೆ ಬಂತು, ನೇಗಿಲು ಬಂತು, ಕಂಡಲ್ಲಿ ಕುದುರೆ ಬಿಚ್ಚಿ ಮೇಯಿಸಿ ಮಲಗುವ ಕಾಲ ಮುಗಿಯಿತು. ಉತ್ತು ಕೆಡಿಸಿದ ಒಣ ನೆಲ 1930ರ ದಶಕದಲ್ಲಿ ಧೂಳಾಗಿ ಹಾರಿತು. ಬದುಕಲಾಗದ ರೈತರಿಂದ ಸರ್ಕಾರ ಕೊಂಡುಕೊಂಡ ಅಂಥ ಜಮೀನುಗಳಿಗೆ ಮತ್ತೆ ಹುಲ್ಲು ಹಚ್ಚಿ 1960ರಲ್ಲಿ ನ್ಯಾಷನಲ್ ಗ್ರಾಸ್‌ಲ್ಯಾಂಡ್ ಅಂತ ಹೆಸರಿಟ್ಟರು. ಇವತ್ತು ಕುದುರೆ ಜೊತೆ ಪ್ರೇರಿಯಲ್ಲಿ ರಾತ್ರಿ ಕಳೆಯಬೇಕು ಅನ್ನುವವರು ಹೋಗುವುದು ಇಂಥ ಜಾಗಗಳಿಗೆ, ಇಲ್ಲವೇ ರಾಜ್ಯಗಳ ಪಾರ್ಕುಗಳಿಗೆ.

ಇನ್ನೊಂದು ಸಂಗತಿ, ನೆಬ್ರಾಸ್ಕಾದ ಪಶ್ಚಿಮ ಮೂಲೆಯಲ್ಲಿ ಸೈನ್ಯ ರಾಬಿನ್ಸನ್ ಎಂಬ ಶಿಬಿರ ಹಾಕಿದ್ದು. ಒಮಾಹಾದಲ್ಲಿ ಕೆಲಸಕ್ಕಿದ್ದಾಗ ಒಂದು ಲಾಂಗ್ ವೀಕೆಂಡ್‌ನಲ್ಲಿ 700 ಕಿಲೋಮೀಟರ್ ಕಾರು ಓಡಿಸಿ ಅಲ್ಲಿಗೆ ಹೋಗಿದ್ದೆ. 1877ರ ಮೇ ತಿಂಗಳಲ್ಲಿ ಲಕೋಟಾ ನಾಯಕ ಕ್ರೇಜಿ ಹಾರ್ಸ್ ತನ್ನ ಸುಮಾರು ಒಂಬೈನೂರು ಜನರೊಂದಿಗೆ ಇಲ್ಲಿ ಶರಣಾದ. ಮೊದಲು ಕಸಿದುಕೊಂಡದ್ದು ಬಂದೂಕು ಮತ್ತು ಕುದುರೆ. ಸೆಪ್ಟೆಂಬರ್ 5ರಂದು ಇಲ್ಲೇ ಅವನನ್ನು ಬಯೋನೆಟ್ಟಿನಿಂದ ಇರಿದರು. 1879ರ ಜನವರಿ 9ರ ರಾತ್ರಿ ಅನ್ನ ನೀರು ಸೌದೆ ಇಲ್ಲದೆ ಬ್ಯಾರಕ್ಕಿನಲ್ಲಿ ಕೂಡಿಹಾಕಿದ್ದ ಚೆಯೆನ್ ಜನ ಕಿಟಕಿ ಒಡೆದು ಹಿಮದಲ್ಲಿ ಬರಿಗಾಲಲ್ಲಿ ಓಡಿದರು. ಕುದುರೆ ಇರಲಿಲ್ಲ. ಅರವತ್ತಕ್ಕೂ ಹೆಚ್ಚು ಜನರನ್ನು ಬೆನ್ನಟ್ಟಿ ಕೊಂದರು. ವಿಚಿತ್ರ ಅಂದರೆ ಅದೇ ಜಾಗ 1919ರಿಂದ ಸೈನ್ಯದ ಕುದುರೆ ಸಾಕಣೆಯ ಕೇಂದ್ರವಾಯಿತು. ಸಾವಿರಾರು ಕುದುರೆಗಳು ಇಲ್ಲಿ ಮೇದವು. 1930ರ ದಶಕದಲ್ಲಿ ಅಮೆರಿಕದ ಒಲಿಂಪಿಕ್ ಕುದುರೆ ಸವಾರಿ ತಂಡ ಇಲ್ಲೇ ಅಭ್ಯಾಸ ಮಾಡಿತು. ಈಗದು ಇಪ್ಪತ್ತೆರಡು ಸಾವಿರ ಎಕರೆ ದಾಟಿದ ರಾಜ್ಯದ ಪಾರ್ಕು. ಕುದುರೆ ತರುವವರಿಗೆ ಲಾಯ ಬಾಡಿಗೆಗೆ ಕೊಡುತ್ತಾರೆ. ಸಂಜೆ ಉದ್ದುದ್ದ ಟ್ರೇಲರ್‌ಗಳು ಬಂದು ನಿಂತವು. ಯಾರೂ ಮೊದಲು ತಮ್ಮ ಊಟದ ಡಬ್ಬ ತೆಗೆಯಲಿಲ್ಲ. ಕುದುರೆ ಇಳಿಸಿ, ಸ್ವಲ್ಪ ನಡೆಸಿ, ಬಕೆಟ್ಟಿನಲ್ಲಿ ನೀರಿಟ್ಟು, ಒಣಹುಲ್ಲು ಹಾಕಿ, ಗೊರಸು ಎತ್ತಿ ನೋಡಿ, ಆಮೇಲೆಯೇ ಮನುಷ್ಯರ ಕುರ್ಚಿ ಹೊರಬಂದದ್ದು.

ಉತ್ತರ ಡಕೋಟಾದಲ್ಲಿ ಮಾಹ್ ಡಾಹ್ ಹೇ ಅಂತ ಒಂದು ದಾರಿಯಿದೆ, ಮ್ಯಾಂಡನ್ ಭಾಷೆಯ ಹೆಸರು. 1999ರಲ್ಲಿ ತೆರೆದು 2014ರಲ್ಲಿ 144 ಮೈಲಿಗೆ ವಿಸ್ತರಿಸಿದರು. ದಾರಿಯುದ್ದಕ್ಕೂ ಸುಮಾರು ಇಪ್ಪತ್ತು ಮೈಲಿಗೆ ಒಂದರಂತೆ ಶಿಬಿರ, ಪ್ರತಿಯೊಂದರಲ್ಲಿ ನೀರಿನ ಪಂಪು, ಕುದುರೆ ಕಟ್ಟಲು ಅಡ್ಡಗಂಬಿ. ಇಪ್ಪತ್ತು ಮೈಲಿ ಅಂದರೆ ಮೇಯಲು ಪುರುಸೊತ್ತು ಕೊಟ್ಟು ಒಂದು ದಿನದಲ್ಲಿ ಆರಾಮಾಗಿ ಮುಗಿಸಬಹುದಾದ ದೂರ. ಈ ಲೆಕ್ಕ ಫ್ರೆಂಚ್ ಸಾಹೇಬರಿಗೆ ಗೊತ್ತಿದ್ದರೆ ಚೆನ್ನಾಗಿತ್ತು.

ಇಂಥ ಶಿಬಿರಗಳ ನಿಯಮಗಳನ್ನು ಓದಿದರೆ ಮಜಾ ಇರುತ್ತದೆ. ರಾಜ್ಯದ ಗಡಿ ದಾಟಬೇಕಾದರೆ ಕುದುರೆಗೆ ರಕ್ತಹೀನತೆಯ ಸೋಂಕು ಇಲ್ಲ ಅಂತ ಕಾಗಿನ್ಸ್ ಪರೀಕ್ಷೆಯ ಕಾಗದ ಬೇಕು, ಒಂದು ಥರ ಕುದುರೆಯ ವೀಸಾ. ಮರಕ್ಕೆ ನೇರ ಕಟ್ಟುವ ಹಾಗಿಲ್ಲ, ತೊಗಟೆ ಕಿತ್ತುಹೋಗುತ್ತದೆ. ಎರಡು ಕಂಬದ ನಡುವೆ ತಲೆಗಿಂತ ಎತ್ತರಕ್ಕೆ ಹಗ್ಗ ಬಿಗಿದು ಅದಕ್ಕೆ ಕಟ್ಟಬೇಕು, ಇಲ್ಲವೇ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ವಿದ್ಯುತ್ ಬೇಲಿ ತರಬೇಕು. ಹೊರಡುವಾಗ ಲದ್ದಿ ಗುಡಿಸಬೇಕು. ಎಲ್ಲಕ್ಕಿಂತ ಕಟ್ಟುನಿಟ್ಟಿನದ್ದು ಮೇವಿನ ನಿಯಮ. ಕಳೆಬೀಜ ಇಲ್ಲ ಅಂತ ಪ್ರಮಾಣಪತ್ರ ಇರುವ ಒಣಹುಲ್ಲನ್ನು ಮಾತ್ರ ಒಳಗೆ ಬಿಡುತ್ತಾರೆ. ಯುರೋಪ್, ಏಷ್ಯಾ ಕಡೆಯಿಂದ ಬಂದ ಲೀಫಿ ಸ್ಪರ್ಜ್ ಎಂಬ ಕಳೆ ಡಕೋಟಾ ಬಯಲನ್ನು ನುಂಗುತ್ತಿದೆ. ದನ ಅದನ್ನು ಮೂಸುವುದಿಲ್ಲ, ಅದರ ಬೇರು ಎಷ್ಟೋ ಅಡಿ ಆಳಕ್ಕಿಳಿಯುತ್ತದೆ. ಹೊರಗಿನ ಮೇವಿನ ಜೊತೆಗೋ ಲದ್ದಿಯ ಜೊತೆಗೋ ಅಂಥ ಬೀಜ ಬರಬಾರದು ಅಂತ, ಹೊರಡುವ ಕೆಲವು ದಿನ ಮುಂಚಿನಿಂದಲೇ ಮನೆಯಲ್ಲೂ ಅದೇ ಪ್ರಮಾಣಪತ್ರದ ಹುಲ್ಲು ತಿನ್ನಿಸಿ ಅಂತ ಹೇಳುತ್ತಾರೆ. ಹಾಗಾಗಿ ಇವತ್ತು ಹುಲ್ಲುಗಾವಲಿಗೆ ಹೊರಟ ಟ್ರೇಲರಿನಲ್ಲಿ ಕುದುರೆಯ ಪಕ್ಕದಲ್ಲೇ, ಸೀಲು ಚೀಟಿ ಕಟ್ಟಿದ ಹುಲ್ಲಿನ ಪಿಂಡಿಗಳೂ ಕೂತು ಪ್ರಯಾಣ ಮಾಡುತ್ತವೆ.